ಗೊರೂರು ಡ್ಯಾಮಿಗೆ ಶಾಲೆ ಮಕ್ಕಳ ಪ್ರವಾಸ: ಏನೇನು ತೋರಿಸಬೇಕು, ಹೇಳ್ತೀರಾ?

ಪಟ್ಟಣದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಜನವರಿಯಲ್ಲಿ ಒಂಬತ್ತನೇ ತರಗತಿ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಗೊರೂರಿಗೆ, ಹೇಮಾವತಿ ಡ್ಯಾಮಿಗೆ, ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಪ್ರತಿ ವರ್ಷ ಬೇಲೂರು, ಹಳೇಬೀಡು ಆಗುತ್ತದೆ. ಈ ಸಲ ಹೊಳೆ ನೋಡಲಿ ಅಂತ ನಾನೇ ಹಟ ಹಿಡಿದೆ. ನಮ್ಮ ಮಕ್ಕಳು ದಿನಾ ಹೇಮಾವತಿ ನಾಲೆ ದಾಟಿಕೊಂಡು ಶಾಲೆಗೆ ಬರುತ್ತಾರೆ. ನೀರು ಎಲ್ಲಿಂದ ಬರುತ್ತದೆ ಅಂದರೆ "ಡ್ಯಾಮಿಂದ" ಅಂತಾರೆ. ಡ್ಯಾಮಿಗೆ ಎಲ್ಲಿಂದ ಅಂತ ಕೇಳಿದರೆ ಇಡೀ ತರಗತಿ ಸುಮ್ಮನಾಗುತ್ತದೆ.

ನನ್ನ ಹತ್ತಿರ ಅಂಕಿ ಅಂಶ ಇದೆ. ಕಟ್ಟಿ ಮುಗಿದದ್ದು 1979ರಲ್ಲಿ. ಉದ್ದ 4,692 ಮೀಟರ್, ಎತ್ತರ 58.5 ಮೀಟರ್, ಹಿಡಿಯುವ ನೀರು 37.10 ಟಿಎಂಸಿ. ಇದನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಕಾಪಿ ಮಾಡಿಕೊಳ್ಳುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಅಲ್ಲಿಗೆ ಹೋದಾಗ ಏನು ತೋರಿಸಬೇಕು, ಯಾರ ಹತ್ತಿರ ಮಾತಾಡಿಸಬೇಕು? ಆ ಕಡೆಯವರು ದಯವಿಟ್ಟು ಹೇಳಿ.

ಹಾಸನ್ ರೈಡರ್

ಮೇಡಂ, ಮೊದಲು ಶೆಟ್ಟಿಹಳ್ಳಿ ಚರ್ಚ್. ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಗೊರೂರಿಗೆ ಹತ್ತಿರ. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ಜನವರಿ ಹೊತ್ತಿಗೆ ನೀರು ಇಳಿಯುತ್ತಾ ಬರುತ್ತದೆ. ಫೋಟೋ ಬಹಳ ಚೆನ್ನಾಗಿ ಬರುತ್ತದೆ. ಆಮೇಲೆ ಡ್ಯಾಂ ಮುಂದಿನ ಗಾರ್ಡನ್, ಅಲ್ಲೇ ಊಟ. ಸಂಜೆ ಆರಕ್ಕೆ ವಾಪಸ್.

ಹಿನ್ನೀರಿನವನು

ಚರ್ಚ್ ತೋರಿಸಿ, ಬೇಡ ಅನ್ನೋಲ್ಲ. ಆದರೆ ಟೀಚರಮ್ಮ, ಅದರ ಮುಂದೆ ಮಕ್ಕಳನ್ನು ನಿಲ್ಲಿಸಿದಾಗ ಇನ್ನೊಂದು ಮಾತೂ ಹೇಳಿ. ಅಲ್ಲಿ ಚರ್ಚ್ ಒಂದೇ ಇರಲಿಲ್ಲ. ಸುತ್ತ ಊರಿತ್ತು. ಮನೆಗಳಿದ್ದವು, ಕಣ ಇತ್ತು, ಬಾವಿ ಇತ್ತು, ಗದ್ದೆ ಇತ್ತು. ಚರ್ಚ್ ಎತ್ತರವಾಗಿದೆ, ಗಟ್ಟಿ ಗೋಡೆ, ಅದಕ್ಕೆ ಇವತ್ತಿಗೂ ಕಾಣುತ್ತದೆ. ಮಣ್ಣಿನ ಗೋಡೆಯ ಮನೆಗಳು ಮೊದಲ ಮಳೆಗಾಲಕ್ಕೇ ಕರಗಿ ಹೋದವು. ಫೋಟೋದಲ್ಲಿ ಕಾಣುವುದನ್ನು ಮಾತ್ರ ನೋಡಿ ಬಂದರೆ ಆ ಊರು ಮಕ್ಕಳ ಲೆಕ್ಕಕ್ಕೇ ಬರುವುದಿಲ್ಲ.

ನಮ್ಮ ಮನೆಯವರದು ಹಿನ್ನೀರಲ್ಲಿ ಹೋದ ಊರು. ನಾನು ಆಗ ಸಣ್ಣವನು. ಅಪ್ಪ ಮನೆಯ ಬಾಗಿಲು, ತೊಲೆ, ಹೆಂಚು ಎಲ್ಲ ಕಳಚಿ ಗಾಡಿಗೆ ಹೇರಿದ್ದರು. ಹೊಸ ಜಾಗದಲ್ಲಿ ಅದೇ ಬಾಗಿಲು ಕೂರಿಸಿದರು, ಇವತ್ತೂ ಅದೇ ಇದೆ. ಪರಿಹಾರ ಕೊಟ್ಟರು, ಬದಲಿ ಜಮೀನಿನ ಪತ್ರವನ್ನೂ ಕೊಟ್ಟರು. ಪತ್ರ ಕೈಗೆ ಬಂದ ಮೇಲೆ ಜಮೀನು ಕೈಗೆ ಬರಲು ಎಷ್ಟು ವರ್ಷ ಅಲೆದರು ಅನ್ನುವುದು ಬೇರೆ ಕಥೆ. ಹೊಳೆ ಪಕ್ಕದ ಗದ್ದೆ ಬಿಟ್ಟು ಕಾಡಂಚಿನ ಕಲ್ಲು ಭೂಮಿಗೆ ಹೋದವರು ನಮ್ಮ ಕಡೆ ಜಾಸ್ತಿ. ಹಾಸನದಲ್ಲಿ ಎಚ್‌ಆರ್‌ಪಿ (ಹೇಮಾವತಿ ಜಲಾಶಯ ಯೋಜನೆ) ಜಮೀನು ಅಂದರೆ ಈಗಲೂ ಹಿರಿಯರು ಒಂದು ಉಸಿರು ಎಳೆದುಕೊಂಡು ಮಾತು ಶುರು ಮಾಡುತ್ತಾರೆ.

ಜಲಾಶಯ ತುಂಬಿದಾಗ ಎಂಟೂವರೆ ಸಾವಿರ ಹೆಕ್ಟೇರ್ ನೀರಿನಡಿ ಇರುತ್ತದೆ. ಅಷ್ಟೂ ಭೂಮಿ ಯಾರದೋ ಆಗಿತ್ತು. ನಿಮ್ಮ ಮಕ್ಕಳು ದಾಟುವ ನಾಲೆಗೂ ಇದಕ್ಕೂ ನೇರ ಸಂಬಂಧ ಇದೆ. ಬೇಸರ ಮಾಡಿಕೊಳ್ಳಬೇಡಿ, ಹೇಳಬೇಕು ಅನ್ನಿಸಿತು.

ಪಟ್ಟಣದ ಟೀಚರ್

ಬೇಸರ ಯಾಕೆ ಅಣ್ಣಾ. ನಾನು ಕೇಳಿದ್ದೇ ಇದಕ್ಕೆ. ಮಕ್ಕಳ ಜೊತೆ ಕೂತು ಹತ್ತು ನಿಮಿಷ ಇದನ್ನೇ ಹೇಳಬಹುದಾ ನೀವು? ಯೋಚಿಸಿ ಹೇಳಿ.

ಕಾಲೇಜು ಓದುಗ

ಆ ಚರ್ಚನ್ನು ಕಟ್ಟಿಸಿದ್ದು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ಅಂತ ಎಲ್ಲ ಕಡೆ ಹಾಕಿರುತ್ತಾರಲ್ಲ, ನಿಜವಾ?

ಹಳೇ ಕಾಗದ

ಕಾಲ ಹೊಂದುವುದಿಲ್ಲ ತಮ್ಮಾ. ದುಬೊಯ್ 1823ರಲ್ಲೇ ಫ್ರಾನ್ಸಿಗೆ ವಾಪಸ್ ಹೋದರು, 1848ರಲ್ಲಿ ಅಲ್ಲೇ ತೀರಿಕೊಂಡರು. ಚರ್ಚಿಗೆ ಸಾಮಾನ್ಯವಾಗಿ ಹೇಳುವ ಕಾಲ 1860ರ ದಶಕ. ಫ್ರೆಂಚ್ ಪಾದ್ರಿಗಳು ಕಟ್ಟಿಸಿದರು ಅಂತ ಹೇಳಿದರೆ ಸಾಕು. ಗೋಡೆಗೆ ಬೆಲ್ಲ, ಮೊಟ್ಟೆ ಸೇರಿಸಿದ ಗಾರೆ ಹಾಕಿದ್ದಾರೆ ಅಂತ ಊರವರು ಹೇಳುತ್ತಾರೆ.

ಮೇಡಂ, ಒಂದು ಎಚ್ಚರಿಕೆ. ಇತ್ತೀಚಿನ ವರ್ಷಗಳಲ್ಲಿ ಅದರ ಕೆಲವು ಭಾಗ ಮಳೆಗೆ ಕುಸಿದಿದೆ. ವರ್ಷದಲ್ಲಿ ಅರ್ಧ ಕಾಲ ನೀರಲ್ಲಿ ನೆನೆದು, ಇನ್ನರ್ಧ ಬಿಸಿಲಲ್ಲಿ ಒಣಗುವ ಗೋಡೆ ಅದು. ಕಮಾನಿನ ಕೆಳಗೆ ಮಕ್ಕಳನ್ನು ಬಿಡಲೇಬೇಡಿ. ಹೊರಗೆ ದೂರದಲ್ಲೇ ನಿಂತು ತೋರಿಸಿ. ಸುಮ್ಮನೆ ಫೋಟೋಗೆ ಗೋಡೆ ಹತ್ತುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬೀಳುವ ದಿನ ಕಟ್ಟಡವೂ ಹೋಗುತ್ತದೆ, ಹುಡುಗರೂ ಹೋಗುತ್ತಾರೆ.

ನಿವೃತ್ತ ನೀರಾವರಿ

ನಾನು ಇಂಜಿನಿಯರ್ ಆಗಿ ನಾಲೆ ಕೆಲಸದಲ್ಲಿದ್ದವನು. ಮಕ್ಕಳಿಗೆ ಅಣೆಕಟ್ಟೆ ತೋರಿಸುವಾಗ ಎಲ್ಲರೂ ಗೇಟಿನ ಮುಂದೆ ನಿಲ್ಲಿಸುತ್ತಾರೆ. ಗೊರೂರಿನ ದೊಡ್ಡ ಸಂಗತಿ ಗೇಟಲ್ಲ, ಏರಿ. ನಾಲ್ಕೂವರೆ ಕಿಲೋಮೀಟರ್ ಮೀರಿದ ಕಟ್ಟೆಯಲ್ಲಿ ಗೇಟಿರುವ ಕಲ್ಲುಕಟ್ಟಡ ನದಿಯ ಪಾತ್ರದಲ್ಲಿ ಮಾತ್ರ. ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಮಣ್ಣು.

ಮಣ್ಣಿನ ಏರಿ ನೀರನ್ನು ಹೇಗೆ ಹಿಡಿಯುತ್ತದೆ ಅಂತ ಮಕ್ಕಳನ್ನೇ ಕೇಳಿ. ಇಂಥ ಏರಿಗಳಲ್ಲಿ ಒಳಗೆ ನಡುವೆ ಜೇಡಿಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ರೋಲರ್ ಓಡಿಸಿ ಗಟ್ಟಿ ಮಾಡಿರುತ್ತಾರೆ. ನೀರನ್ನು ತಡೆಯುವುದು ಆ ನಡುವಿನ ಮಣ್ಣು. ಅದರ ಎರಡು ಕಡೆ ಇರುವ ಒರಟು ಮಣ್ಣು ಅದನ್ನು ಜಾರದಂತೆ ಹಿಡಿದು ನಿಲ್ಲಿಸುತ್ತದೆ. ನೀರಿನ ಕಡೆಯ ಇಳಿಜಾರಿಗೆ ಕಲ್ಲು ಹಾಸುತ್ತಾರೆ, ಅಲೆ ಹೊಡೆದು ಮಣ್ಣು ಕೊರೆಯಬಾರದು ಅಂತ. ಇಷ್ಟಾದರೂ ಸ್ವಲ್ಪ ನೀರು ಒಸರುತ್ತದೆ. ಒಸರುವುದು ತಪ್ಪಲ್ಲ. ಒಸರಿದ ನೀರು ತಿಳಿಯಾಗಿರಬೇಕು, ಅದು ಹೋಗಲು ದಾರಿ ಇರಬೇಕು. ಕದಡಿ ಬಂದರೆ ಒಳಗೆ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಅಂತ ಅರ್ಥ, ಆಗ ಭಯಪಡಬೇಕು. ಏರಿಯ ಮೇಲೆ ದೊಡ್ಡ ಮರ ಬೆಳೆಯಲು ಬಿಡುವುದಿಲ್ಲ. ಬೇರು ಸತ್ತು ಕೊಳೆತರೆ ಅದೇ ನೀರಿಗೆ ಕೊಳವೆ ಆಗುತ್ತದೆ. ಊರ ಕೆರೆ ಏರಿಗೂ ಇದೇ ನಿಯಮ, ಕೆರೆ ನೀರು ಬಿಡುವ ನಮ್ಮ ಹಳೇ ನೀರುಗಂಟಿಗಳಿಗೆ ಇದೆಲ್ಲ ಬಾಯಿಪಾಠ ಇತ್ತು.

ಇನ್ನು ಗೇಟು. ಗೊರೂರಿನಲ್ಲಿರುವುದು ಆರು, ಬಿಲ್ಲಿನಂತೆ ಬಾಗಿದ ರೇಡಿಯಲ್ ಗೇಟುಗಳು. ನೀರಿನ ಒತ್ತಡವೆಲ್ಲ ಬಾಗಿದ ತಗಡಿನಿಂದ ತೋಳುಗಳಿಗೆ, ತೋಳಿನಿಂದ ಹಿಂದಿನ ತಿರುಗಣೆಗೆ ಹೋಗುತ್ತದೆ. ಅದಕ್ಕೆ ಎತ್ತಲು ಕಡಿಮೆ ಬಲ ಸಾಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಸರಪಳಿ ಕಡಿದು ಕೊಚ್ಚಿ ಹೋಯಿತಲ್ಲ, ಅಲ್ಲಿಯದು ನೇರವಾಗಿ ಮೇಲಕ್ಕೆ ಎಳೆಯುವ ಬೇರೆ ಬಗೆಯ ಗೇಟು. ಯಾವ ಬಗೆಯದೇ ಆಗಲಿ, ಸರಪಳಿ, ಹಗ್ಗ, ರಬ್ಬರ್ ಪಟ್ಟಿಯನ್ನು ಪ್ರತಿ ವರ್ಷ ಮಳೆಗೆ ಮೊದಲು ನೋಡಲೇಬೇಕು. ಕಟ್ಟುವಾಗ ಹಾರ ಹಾಕುತ್ತಾರೆ. ಗ್ರೀಸ್ ಹಚ್ಚುವವನನ್ನು ಯಾರೂ ಕೇಳುವುದಿಲ್ಲ. ಆಗುವುದಾದರೆ ಅಲ್ಲಿನ ಗೇಟ್ ಸಿಬ್ಬಂದಿಯೊಬ್ಬರನ್ನು ಮಕ್ಕಳ ಜೊತೆ ಮಾತಾಡಿಸಿ.

ಇನ್ನೊಂದು. ಪೇಪರಿನಲ್ಲಿ ಗೊರೂರಿನ ಗರಿಷ್ಠ ಮಟ್ಟ 2,922 ಅಡಿ, ಕೆಆರ್‌ಎಸ್‌ನದು 124.80 ಅಡಿ ಅಂತ ಬರುತ್ತದೆ. ಗೊರೂರು ಅಷ್ಟು ಆಳವಾ ಅಂತ ದೊಡ್ಡವರೇ ಕೇಳುತ್ತಾರೆ. ಗೊರೂರಿನ ಲೆಕ್ಕ ಸಮುದ್ರ ಮಟ್ಟದಿಂದ. ಕೆಆರ್‌ಎಸ್‌ನ ಲೆಕ್ಕ ಅಲ್ಲಿನ ಹೊಳೆಯ ತಳದ ಕಡೆಯಿಂದ. ಎರಡನ್ನೂ ಹೋಲಿಸಲು ಬರುವುದಿಲ್ಲ.

ಪಟ್ಟಣದ ಟೀಚರ್

ಸರ್, ಇದು ಎರಡು ಪೀರಿಯಡ್ ಪಾಠ! ಟಿಎಂಸಿ ಬಗ್ಗೆಯೂ ಹೀಗೇ ಹೇಳಿಬಿಡಿ. ಸಾವಿರ ಮಿಲಿಯನ್ ಘನ ಅಡಿ ಅಂದರೆ ಮಕ್ಕಳ ಕಣ್ಣಿಗೆ ಏನೂ ಕಾಣುವುದಿಲ್ಲ.

ನಿವೃತ್ತ ನೀರಾವರಿ

ಹರಿವಿನಿಂದ ಹೇಳಿ ಮೇಡಂ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. 11,574 ಕ್ಯೂಸೆಕ್ ಒಂದು ಹಗಲು ಒಂದು ರಾತ್ರಿ ಪೂರ್ತಿ ಹರಿದರೆ 1 ಟಿಎಂಸಿ ಆಗುತ್ತದೆ. ಪೇಪರಿನಲ್ಲಿ ಒಳಹರಿವು 23 ಸಾವಿರ ಕ್ಯೂಸೆಕ್ ಅಂತ ಇದ್ದರೆ ಆ ದಿನ ಡ್ಯಾಮಿಗೆ ಸುಮಾರು 2 ಟಿಎಂಸಿ ಬಂತು. ಭಾಗಾಕಾರ ಮಕ್ಕಳೇ ಮಾಡಲಿ.

ಸಕಲೇಶಪುರ ಮಳೆ

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಮ್ಮ ಕಡೆ ಇದೆ. ಹೇಮಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ, ಬಲ್ಲಾಳರಾಯನ ದುರ್ಗದ ಕಡೆ. ಸಕಲೇಶಪುರ ದಾಟಿ ಆಲೂರು ಕಡೆಯಿಂದ ಗೊರೂರಿಗೆ ಬರುತ್ತದೆ. ಬಾಬಾ ಬುಡನ್ ಬೆಟ್ಟಗಳಲ್ಲಿ ಹುಟ್ಟಿ ಬೇಲೂರಿನ ಮೇಲೆ ಬರುವ ಯಗಚಿಯೂ ಗೊರೂರಿಗೆ ಮೊದಲೇ ಸೇರಿಕೊಳ್ಳುತ್ತದೆ. ಕಟ್ಟೆಯನ್ನು ಆ ಸಂಗಮದ ಕೆಳಗೆ ಕಟ್ಟಿದ್ದೇ ಎರಡೂ ಹೊಳೆಯ ನೀರು ಸಿಗಲಿ ಅಂತ. ಹಾಸನದಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ, ಡ್ಯಾಂ ಮಾತ್ರ ಏರುತ್ತಿರುತ್ತದೆ. ಯಾಕೆ ಅಂದರೆ ಮೂಡಿಗೆರೆ, ಕೊಟ್ಟಿಗೆಹಾರದಲ್ಲಿ ಪುಷ್ಯ ಮಳೆ ಹಿಡಿದಿರುತ್ತದೆ. ನಮ್ಮಲ್ಲಿ ಹೊಳೆ ಮಲ್ಲೇಶ್ವರ ದೇವಸ್ಥಾನದ ಹತ್ತಿರ ನೀರು ಎಷ್ಟು ಬಂತು ಅಂತ ನೋಡಿಯೇ ಜನ ಗೊರೂರಿನ ಲೆಕ್ಕ ಹಾಕುತ್ತಾರೆ.

ಮಲೆನಾಡಿನ ಕಾಡು, ಹುಲ್ಲುಗಾವಲು, ಬೆಟ್ಟದ ಕಣಿವೆಗಳ ಶೋಲಾ ಕಾಡು ಉಳಿದರೆ ಮಳೆ ನಿಂತ ಮೇಲೂ ಹಳ್ಳ ಹರಿಯುತ್ತದೆ. ಈಗ ಜನವರಿಗೇ ಎಷ್ಟೋ ಹಳ್ಳ ಬತ್ತುತ್ತಿವೆ. ಇದನ್ನೂ ಹೇಳಿ ಪ್ಲೀಸ್.

ನರಸೀಪುರದ ಕಟ್ಟೆ

ಎಲ್ಲರೂ 1979ರಿಂದ ಶುರು ಮಾಡುತ್ತಿದ್ದೀರಿ. ಹೇಮಾವತಿಗೆ ಕಟ್ಟೆ ಹಾಕಿದ್ದು ಆಗಲ್ಲ, ಬಹಳ ಹಿಂದೆ. ನಮ್ಮ ಹೊಳೆನರಸೀಪುರದ ಕಡೆ ಶ್ರೀರಾಮದೇವರ ಕಟ್ಟೆ ಇದೆ. ಇನ್ನೂ ಕೆಳಗೆ ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ ಮಂದಗೆರೆ, ಹೇಮಗಿರಿ ಕಟ್ಟೆಗಳು. ಕಾವೇರಿಗೆ ಅರಕಲಗೂಡು ತಾಲ್ಲೂಕಿನ ಕಟ್ಟೇಪುರದಲ್ಲಿ ಕೃಷ್ಣರಾಜ ಕಟ್ಟೆ. ಇವೆಲ್ಲ ಗೊರೂರಿಗಿಂತ ಎಷ್ಟೋ ಹಳೆಯವು.

ಈ ಕಟ್ಟೆಗಳು ನೀರು ಕೂಡಿಡುವುದಿಲ್ಲ. ಹೊಳೆಗೆ ಅಡ್ಡ ಕಲ್ಲಿನ ತಗ್ಗು ಗೋಡೆ, ಅಷ್ಟೇ. ನೀರು ಅದಕ್ಕೆ ತಾಗಿ ಕೊಂಚ ಏರಿ ಎರಡು ದಡದ ನಾಲೆಗೆ ನುಗ್ಗುತ್ತದೆ. ಮಿಕ್ಕಿದ್ದು ಗೋಡೆಯ ಮೇಲೆ ಹಾರಿ ಮುಂದೆ ಹೋಗುತ್ತದೆ. ಊರು ಮುಳುಗಲಿಲ್ಲ, ಹೊಳೆ ನಿಲ್ಲಲಿಲ್ಲ, ಗದ್ದೆಗೆ ನೀರು ಸಿಕ್ಕಿತು. ಅವು ಇವತ್ತೂ ಕೆಲಸ ಮಾಡುತ್ತಿವೆ. ನನ್ನ ಕೇಳಿದರೆ ಮಕ್ಕಳಿಗೆ ಮೊದಲು ಇದನ್ನು ತೋರಿಸಬೇಕು, ಆಮೇಲೆ ಗೊರೂರು. ಅದೇ ಹೊಳೆ, ಎರಡು ರೀತಿ ಯೋಚನೆ.

ಕಟ್ಟಾಯದ ರೈತ

ಅಣ್ಣಾ, ಹಳೇ ಕಟ್ಟೆ ಚೆಂದ ನಿಜ. ಆದರೆ ಅದರಿಂದ ಹೊಳೆ ಪಕ್ಕದ ಊರಿಗೆ ಮಾತ್ರ ನೀರು. ಮಳೆ ಕೈಕೊಟ್ಟರೆ ಅವರಿಗೂ ಇಲ್ಲ. ನಾಲೆ ಬಂದ ಮೇಲೆ ರಾಗಿ, ಹುರುಳಿ ಬೆಳೆಯುತ್ತಿದ್ದ ಎಷ್ಟು ಹೊಲ ಭತ್ತದ ಗದ್ದೆ ಆಯಿತು ನೋಡಿ. ಗೊರೂರು ಇಲ್ಲದಿದ್ದರೆ ನಿಮ್ಮ ಕಟ್ಟೆಯ ನಾಲೆಗೂ ಬೇಸಿಗೆಯಲ್ಲಿ ನೀರು ಬರುವುದು ಕಷ್ಟ ಇತ್ತು.

ನರಸೀಪುರದ ಕಟ್ಟೆ

ಅದನ್ನು ಒಪ್ಪುತ್ತೇನೆ. ಈಗ ನಮ್ಮ ನಾಲೆಗೂ ಗೊರೂರಿನಿಂದ ಬಿಟ್ಟರೇನೇ ನೀರು. ನಾನು ಹೇಳಿದ್ದು ಮಕ್ಕಳು ಹಳೆಯದನ್ನೂ ನೋಡಲಿ ಅಂತ. ಕಲ್ಲು ಹೊತ್ತು ಕಟ್ಟಿದವರ ಹೆಸರು ಎಲ್ಲೂ ಬರೆದಿಲ್ಲ, ಕಟ್ಟೆಯನ್ನಾದರೂ ನೋಡಲಿ.

ಕುಣಿಗಲ್ ಟೇಲ್ ಎಂಡ್

ನಾನು ಹಾಸನದವನಲ್ಲ, ಆದರೂ ಒಂದು ಮಾತು. ನೀವು ಯಾರೂ ನಾಲೆಯ ಕೊನೆಯ ಬಗ್ಗೆ ಹೇಳಲೇ ಇಲ್ಲ. ಎಡದಂಡೆ ನಾಲೆಯ ನೀರು ಬಾಗೂರು-ನವಿಲೆ ಸುರಂಗದಲ್ಲಿ ಸುಮಾರು ಹತ್ತು ಕಿಲೋಮೀಟರ್ ಹರಿದು ದಿಣ್ಣೆ ದಾಟಿ ಶಿಂಷಾ ಕಣಿವೆಗೆ, ನಮ್ಮ ತುಮಕೂರು ಜಿಲ್ಲೆಗೆ ಬರುತ್ತದೆ. ತುಮಕೂರು ನಗರ ಕುಡಿಯುವುದು ಬುಗುಡನಹಳ್ಳಿ ಕೆರೆಗೆ ಬಂದ ಈ ನೀರನ್ನೇ. ಕಾಗದದ ಮೇಲೆ ನಮಗೂ ಪಾಲಿದೆ. ಮೇಲಿನವರ ತೂಬು, ಪಂಪ್‌ಸೆಟ್ ಎಲ್ಲ ದಾಟಿ ಕೊನೆಗೆ ನಮ್ಮವರೆಗೆ ಎಷ್ಟು ಬರುತ್ತದೆ ಅನ್ನುವುದೇ ಜಗಳ. 2025ರಲ್ಲಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ (ಈ ನೀರನ್ನು ಕುಣಿಗಲ್ ಕಡೆಗೆ ನೇರವಾಗಿ ಒಯ್ಯುವ ನಾಲೆ) ವಿಚಾರಕ್ಕೆ ಒಂದೇ ಜಿಲ್ಲೆಯ ತಾಲ್ಲೂಕುಗಳು ಎದುರುಬದುರು ನಿಂತವು. ಗುಬ್ಬಿಯವರಿಗೆ ಭಯ, ಕುಣಿಗಲ್‌ನವರಿಗೆ ಆಸೆ. ಎರಡೂ ಕಡೆಯವರು ರೈತರೇ.

ಕಟ್ಟಾಯದ ರೈತ

ಜಮೀನು ಮುಳುಗಿದ್ದು ಹಾಸನದ್ದು, ಮೊದಲ ಹಕ್ಕು ಹಾಸನಕ್ಕೆ ಬೇಡವಾ? ಆಲೂರು, ಅರಕಲಗೂಡಿನಲ್ಲಿ ಡ್ಯಾಮಿನ ಪಕ್ಕದಲ್ಲೇ ಇದ್ದು ನೀರಾವರಿ ಇಲ್ಲದ ಊರುಗಳಿವೆ. ಅವರ ಎದುರು ನಿಂತು ನಾವು ಏನು ಹೇಳಬೇಕು?

ನವಿಲೆ ಕಡೆಯವಳು

ಸುರಂಗದ ಹೆಸರಲ್ಲಿ ನಮ್ಮೂರು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನೀರು ನಮ್ಮ ಕಾಲಡಿಯಲ್ಲೇ ಹೋಗುತ್ತದೆ, ನಮಗೆ ಕಾಣುವುದಿಲ್ಲ. ಸುರಂಗ ಕೊರೆದ ಮೇಲೆ ಬಾವಿ, ಬೋರ್‌ವೆಲ್ ಬತ್ತಿದವು ಅನ್ನುವುದು ಮೇಲಿನ ಊರುಗಳವರ ಬಹಳ ಕಾಲದ ದೂರು. ಕೆರೆ ತುಂಬಿಸಿ ಅಂತ ಎಷ್ಟೋ ಸಲ ಧರಣಿ ಕೂತಿದ್ದಾರೆ. ಹಾಸನದವರು, ತುಮಕೂರಿನವರು ಹಂಚಿಕೆಯ ಮಾತಾಡುವಾಗ ಮಧ್ಯದಲ್ಲಿರುವ ನಮ್ಮನ್ನೂ ನೆನಪಿಸಿಕೊಳ್ಳಿ. ಟೀಚರ್, ಸುರಂಗದ ಬಾಯಿ ನಿಮ್ಮ ತಾಲ್ಲೂಕಿನಲ್ಲೇ ಇದೆ. ಗೊರೂರಿಗೆ ಹೋಗುವ ಮೊದಲು ಅದನ್ನು ನೋಡಬಹುದಲ್ವಾ?

ಭದ್ರಕ್ಕ ಲಕ್ಕವಳ್ಳಿ

ನಮ್ಮಲ್ಲೂ ಇದೇ ಕಥೆ ಕಣ್ರೀ. ಭದ್ರಾ ಡ್ಯಾಂ ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ, 71.5 ಟಿಎಂಸಿ, ಗೊರೂರಿನ ಹೆಚ್ಚುಕಡಿಮೆ ಎರಡರಷ್ಟು. ಗದ್ದೆ ಜಾಸ್ತಿ ಇರುವುದು ದಾವಣಗೆರೆ ಕಡೆ. ಬೇಸಿಗೆಯಲ್ಲಿ ಹಿನ್ನೀರಿನ ನಡುಗಡ್ಡೆಗಳಿಗೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡಲು ಬರುತ್ತವೆ. ಮುಂದಿನ ವರ್ಷ ನಮ್ಮ ಕಡೆಗೂ ಮಕ್ಕಳನ್ನು ಕರೆದುಕೊಂಡು ಬನ್ನಿ ಟೀಚರ್.

ಕಾಲೇಜು ಓದುಗ

ನಮ್ಮ ನಮ್ಮಲ್ಲೇ ಯಾಕೆ ಇಷ್ಟು ಜಗಳ? ಡ್ಯಾಂ ತುಂಬಿದಾಗ ಎಲ್ಲರಿಗೂ ಸಾಕಾಗುವಷ್ಟು ಹಿಡಿದಿಟ್ಟುಕೊಂಡರೆ ಆಗಲ್ವಾ?

ಹಳೇ ಕಾಗದ

ಹೊಳೆ ಗೊರೂರಿಗೆ ಮುಗಿಯುವುದಿಲ್ಲ ತಮ್ಮಾ. ಹೇಮಾವತಿ ಕೆಆರ್‌ಎಸ್ ಹಿನ್ನೀರಲ್ಲಿ ಕಾವೇರಿ ಸೇರುತ್ತದೆ. ಅಲ್ಲಿಂದ ಮಂಡ್ಯ, ಮೈಸೂರು, ಬೆಂಗಳೂರು, ಮೆಟ್ಟೂರು, ತಂಜಾವೂರು. 1924ರಲ್ಲಿ ಮೈಸೂರು ಮತ್ತು ಮದರಾಸಿನ ನಡುವೆ ಒಪ್ಪಂದ ಆಯಿತು, 50 ವರ್ಷದ ಮೇಲೆ ಅದರ ಕೆಲವು ಅಂಶಗಳ ಮರುಪರಿಶೀಲನೆ ಅಂತ ಇತ್ತು. ಹೇಮಾವತಿ, ಕಬಿನಿ, ಹಾರಂಗಿ ಕಟ್ಟಲು ಹೊರಟಾಗ ತಮಿಳುನಾಡು ಒಪ್ಪಲಿಲ್ಲ, ಯೋಜನಾ ಆಯೋಗದ ಮಂಜೂರಾತಿ ಸಿಗಲಿಲ್ಲ. ರಾಜ್ಯ ತನ್ನ ಸ್ವಂತ ದುಡ್ಡಿನಲ್ಲೇ ಕಟ್ಟಿತು. ಈ ಸಂಗತಿ ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಅಂದಿನ ಆ ಗಟ್ಟಿತನದ ಬಗ್ಗೆ ನನಗೆ ಬಹಳ ಗೌರವ ಇದೆ.

1990ರಲ್ಲಿ ಕಾವೇರಿ ನ್ಯಾಯಮಂಡಳಿ ಬಂತು. 2007ರ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ 270 ಟಿಎಂಸಿ. 2018ರಲ್ಲಿ ಸುಪ್ರೀಂ ಕೋರ್ಟ್ 14.75 ಸೇರಿಸಿ 284.75 ಮಾಡಿತು. ಈಗ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಲೆಕ್ಕ ನೋಡುವ ಎಂಟು ಜಲಾಶಯಗಳಲ್ಲಿ ಗೊರೂರೂ ಒಂದು. ಅಂದರೆ ಮೂಡಿಗೆರೆಯಲ್ಲಿ ಬಿದ್ದ ಮಳೆಯ ಲೆಕ್ಕ ದೆಹಲಿಯವರೆಗೂ ಹೋಗುತ್ತದೆ. ಕಟ್ಟಾಯದ ಅಣ್ಣನ ಪ್ರಶ್ನೆಯೂ ಸರಿ, ಕುಣಿಗಲ್‌ನವರದೂ ಸರಿ. ಇರುವ ನೀರಲ್ಲಿ ನಾಲೆಯ ಸೋರಿಕೆ ನಿಲ್ಲಿಸಿ, ಕಟ್ಟು ನೀರಿನ ಸರದಿಯನ್ನು ನಿಯತ್ತಾಗಿ ನಡೆಸಿದರೆ ಈ ಜಗಳ ಎಷ್ಟೋ ತಗ್ಗುತ್ತದೆ ಅಂತ ನನ್ನ ನಂಬಿಕೆ.

ಪಟ್ಟಣದ ಟೀಚರ್

ಎಲ್ಲರಿಗೂ ವಂದನೆ. ಎಲ್ಲ ಓದಿ ನಮ್ಮ ಹೆಡ್‌ಮೇಷ್ಟ್ರ ಹತ್ತಿರ ಮಾತಾಡಿದೆ. ಪ್ರವಾಸದ ದಾರಿ ಬದಲಾಯಿಸಿದ್ದೇವೆ. ಪ್ರವಾಸಕ್ಕೆ ಹಿಂದಿನ ವಾರದ ಶನಿವಾರ ಬಾಗೂರು ಕಡೆ ಸುರಂಗದ ಬಾಯಿ. ಪ್ರವಾಸದ ದಿನ ಬೆಳಿಗ್ಗೆ ಹೊಳೆನರಸೀಪುರದ ಹಳೇ ಕಟ್ಟೆ, ಅಲ್ಲಿಂದ ಗೊರೂರು. ಯೋಗಾನರಸಿಂಹ ದೇವಸ್ಥಾನದ ಹತ್ತಿರ ಹೊಳೆ ನೋಡಿ ಡ್ಯಾಂ. ಕೊನೆಗೆ ಶೆಟ್ಟಿಹಳ್ಳಿ. ಪ್ರತಿ ಮಗುವೂ ಮನೆಯ ಹಿರಿಯರನ್ನು ಕೇಳಿ "ನಾಲೆ ಬರುವ ಮೊದಲು ನಮ್ಮ ಹೊಲದಲ್ಲಿ ಏನು ಬೆಳೆಯುತ್ತಿದ್ದರು" ಅಂತ ಒಂದು ಪುಟ ಬರೆದು ತರಬೇಕು. ಹಿನ್ನೀರಿನ ಅಣ್ಣಾ, ನೀವು ಬರುತ್ತೀರಾ?

ಹಿನ್ನೀರಿನವನು

ಬರುತ್ತೇನೆ. ನಮ್ಮ ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ, ಊರಿನ ಬೀದಿ ಬೀದಿ ಅವರಿಗೆ ನೆನಪಿದೆ. ಒಂದೇ ಕೋರಿಕೆ. ಅವರು ಮಾತಾಡುವಾಗ ಯಾರೂ ವಿಡಿಯೋ ಮಾಡಿ ಹಾಕಬೇಡಿ. ಮಕ್ಕಳು ಏನು ಬೇಕಾದರೂ ಕೇಳಲಿ.

ಪಟ್ಟಣದ ಟೀಚರ್

ಖಂಡಿತ ಅಣ್ಣಾ. ಫೋನ್ ಎಲ್ಲ ಬಸ್ಸಲ್ಲೇ ಇರುತ್ತದೆ. ಅಮ್ಮನಿಗೆ ಕೂರಲು ಕುರ್ಚಿ ತರುತ್ತೇವೆ.

ನಿವೃತ್ತ ನೀರಾವರಿ

ಕಟ್ಟೆಯ ಮೇಲೆ ಸುಮ್ಮನೆ ಹೋದರೆ ಬಿಡುವುದಿಲ್ಲ ಮೇಡಂ. ಶಾಲೆಯ ಲೆಟರ್‌ಹೆಡ್‌ನಲ್ಲಿ ಮಕ್ಕಳ ಸಂಖ್ಯೆ, ದಿನಾಂಕ, ಬಸ್ ನಂಬರ್ ಬರೆದು ಡ್ಯಾಂ ವಿಭಾಗದ ಕಚೇರಿಗೆ ಈಗಲೇ ಅರ್ಜಿ ಕೊಡಿ. ನಕಲಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಹೊಳೆಗಿಳಿಯುವುದು ಬೇಡವೇ ಬೇಡ. ಗೇಟ್ ಮುಚ್ಚಿದ್ದರೂ ಕೆಳಗಿನ ನೀರು ಯಾವಾಗ ಬೇಕಾದರೂ ಏರಬಹುದು, ಸೈರನ್ ಕೇಳಿದ ತಕ್ಷಣ ದಡ ಬಿಟ್ಟು ಮೇಲೆ ಬರಬೇಕು ಅಂತ ಮಕ್ಕಳಿಗೆ ಬಸ್ಸಲ್ಲೇ ಹೇಳಿಬಿಡಿ. ಅರ್ಜಿಯಲ್ಲಿ ಗೇಟ್ ಸಿಬ್ಬಂದಿಯ ಜೊತೆ ಅರ್ಧ ಗಂಟೆ ಮಾತಿಗೆ ಅವಕಾಶ ಕೊಡಿ ಅಂತಲೂ ಒಂದು ಸಾಲು ಸೇರಿಸಿ.